ಕೈಗುಣ ಕೇಳಿ ಡಾಕ್ಟರನ್ನು ಆರಿಸಬೇಡಿ: ಮನೆ ಹತ್ತಿರದ ಕ್ಲಿನಿಕ್ಕನ್ನು ಅಳೆಯುವ ಬಗೆ

ಬೆಂಗಳೂರಿನಲ್ಲಿ ಹೊಸ ಬಡಾವಣೆಗೆ ಮನೆ ಬದಲಾಯಿಸಿದವರು ಹಾಲಿನ ಬೂತು, ತರಕಾರಿ ಅಂಗಡಿ ಗೊತ್ತಾದ ಮೇಲೆ ಪಕ್ಕದ ಮನೆಯವರನ್ನು ಕೇಳುವ ಪ್ರಶ್ನೆ, "ಇಲ್ಲಿ ಒಳ್ಳೆ ಡಾಕ್ಟ್ರು ಯಾರಿದ್ದಾರೆ?" ಬರುವ ಉತ್ತರವೂ ಬಹುತೇಕ ಒಂದೇ. "ಸರ್ಕಲ್ ಹತ್ರ ಮೆಡಿಕಲ್ ಶಾಪ್ ಮೇಲೆ ಕೂತ್ಕೋತಾರಲ್ಲ, ಅವರ ಕೈಗುಣ ಚೆನ್ನಾಗಿದೆ. ಒಂದೇ ಇಂಜೆಕ್ಷನ್, ಜ್ವರ ಬಿಟ್ಟು ಓಡುತ್ತೆ."

ಈ ಕೈಗುಣವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಾಮಾನ್ಯ ವೈರಲ್ ಜ್ವರ ಮೂರರಿಂದ ಐದು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಮೊದಲ ದಿನ ಒಬ್ಬರ ಬಳಿ ಹೋಗಿ, ಇಳಿಯಲಿಲ್ಲವೆಂದು ನಾಲ್ಕನೆಯ ದಿನ ಇನ್ನೊಬ್ಬರ ಬಳಿ ಹೋದರೆ ಐದನೆಯ ದಿನ ಹೆಸರು ಬರುವುದು ಎರಡನೆಯವರಿಗೆ. ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರಂತೂ ಕೆಲವೇ ಗಂಟೆಗಳಲ್ಲಿ ಜ್ವರ, ಮೈಕೈ ನೋವು ತಗ್ಗಿ, ಹಸಿವೂ ಆಗುತ್ತದೆ. ಒಳಗಿನ ಸೋಂಕು ಹಾಗೆಯೇ ಇರುತ್ತದೆ, ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಏರುತ್ತದೆ. ಡೆಂಗಿ ಇನ್ನೂ ಮೋಸದ ಕಾಯಿಲೆ. ಅದರಲ್ಲಿ ಅಪಾಯದ ಹಂತ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಹಾಗಾಗಿ "ಎಷ್ಟು ಬೇಗ ವಾಸಿಯಾಯಿತು" ಎಂಬುದರಿಂದ ಡಾಕ್ಟರನ್ನು ಅಳೆಯಲು ಬರುವುದಿಲ್ಲ. ಅಳೆಯಬೇಕಾದದ್ದು ಕೋಣೆಯೊಳಗೆ ನಡೆಯುವ ಕೆಲಸವನ್ನು. ಏನು ಕೇಳಿದರು, ಎಲ್ಲಿ ಮುಟ್ಟಿ ನೋಡಿದರು, ಏನು ಬರೆದುಕೊಟ್ಟರು, ಮತ್ತೆ ಯಾವಾಗ ಬರಬೇಕೆಂದರು. ಇವು ನಾಲ್ಕೂ ಕಣ್ಣಿಗೆ ಕಾಣುವಂಥವು, ಗಮನಿಸಲು ವೈದ್ಯಶಾಸ್ತ್ರ ಓದಿರಬೇಕಿಲ್ಲ.

ಮೈ ಸುಡುತ್ತಿರುವಾಗ ಈ ಪರೀಕ್ಷೆ ಮಾಡಲಾಗುವುದಿಲ್ಲ. ಮನೆಯ ಹಿರಿಯರ ಬಿಪಿ ನೋಡಿಸುವುದಕ್ಕೋ ಒಂದು ಸಣ್ಣ ನೆಗಡಿಗೋ ಹೋದಾಗ ಮಾಡಿ. ಒಂದೇ ಭೇಟಿಯಲ್ಲಿ ತೀರ್ಮಾನಕ್ಕೆ ಬರಬೇಡಿ. ಸೋಮವಾರ ಸಂಜೆ ಏಳು ಗಂಟೆಯ ನೂಕುನುಗ್ಗಲಲ್ಲಿ ಒಮ್ಮೆ, ವಾರದ ಮಧ್ಯೆ ಬೆಳಗಿನ ಹೊತ್ತು ಒಮ್ಮೆ ಹೋಗಿ ನೋಡಿ.

ಬೋರ್ಡು, ಗೋಡೆ, ನೋಂದಣಿ ಸಂಖ್ಯೆ

ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕು, ನರ್ಸಿಂಗ್ ಹೋಮು, ಲ್ಯಾಬು ಯಾವುದೇ ಇರಲಿ, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ ನೋಂದಣಿ ಆಗಿರಬೇಕು. ಜನರ ಬಾಯಲ್ಲಿ ಇದು ಕೆಪಿಎಂಇ. ಅದರ ಪ್ರಮಾಣಪತ್ರ ರೋಗಿಗಳಿಗೆ ಕಾಣುವ ಕಡೆ ತೂಗುಹಾಕಿರಬೇಕು, ಶುಲ್ಕದ ಪಟ್ಟಿಯೂ ಇರಬೇಕು. ಪ್ರಮಾಣಪತ್ರದಲ್ಲಿ ಮೂರು ವಿಷಯ ನೋಡಿ: ಸಂಸ್ಥೆಯ ಹೆಸರು ಹೊರಗಿನ ಬೋರ್ಡಿನ ಹೆಸರಿಗೆ ಹೊಂದುತ್ತದೆಯೇ, ಯಾವ ಪದ್ಧತಿಗೆ ಕೊಟ್ಟದ್ದು, ಅವಧಿ ಮುಗಿದಿದೆಯೇ. 2024ರಲ್ಲಿ ಆರೋಗ್ಯ ಇಲಾಖೆಯು ಬೋರ್ಡಿನ ಮೇಲೆಯೇ ನೋಂದಣಿ ಸಂಖ್ಯೆ ಬರೆಸಬೇಕು, ಅಲೋಪಥಿಗೆ ನೀಲಿ ಹಾಗೂ ಆಯುರ್ವೇದಕ್ಕೆ ಹಸಿರು ಬಣ್ಣ ಬಳಸಬೇಕು ಎಂದು ಸೂಚಿಸಿತು. ಹಸಿರು ಬೋರ್ಡಿನ ಒಳಗೆ ಕೂತವರು ಆಯುರ್ವೇದದ ಔಷಧ ಕೊಟ್ಟರೆ ಅದರಲ್ಲಿ ತಪ್ಪೇನೂ ಇಲ್ಲ. ಬೋರ್ಡಿನಲ್ಲಿ ಪದವಿಯನ್ನೇ ಬರೆಯದೆ ಒಳಗೆ ಸೆಫಿಕ್ಸಿಮ್ ಎಂಬ ಆ್ಯಂಟಿಬಯಾಟಿಕ್ ಬರೆದುಕೊಡುವುದು ಯೋಚಿಸಬೇಕಾದ ಸಂಗತಿ.

ಇದು ಕ್ಲಿನಿಕ್ಕಿನ ನೋಂದಣಿ. ಡಾಕ್ಟರ ನೋಂದಣಿ ಬೇರೆ. ಎಂಬಿಬಿಎಸ್ ಓದಿದವರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು ಕೊಟ್ಟ ಸಂಖ್ಯೆ ಇರುತ್ತದೆ. ಅದನ್ನು ಕ್ಲಿನಿಕ್ಕಿನಲ್ಲಿ ಹಾಕಿರಬೇಕು, ಚೀಟಿಯ ಮೇಲೂ ರಸೀದಿಯ ಮೇಲೂ ಮುದ್ರಿಸಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಭಾರತೀಯ ವೈದ್ಯರ ನೋಂದಣಿ ಪುಸ್ತಕವಿದೆ. ಅಲ್ಲಿ ರಾಜ್ಯ ಪರಿಷತ್ತನ್ನು ಆರಿಸಿ, ಸಂಖ್ಯೆ ಹಾಕಿದರೆ ಹೆಸರು, ಪದವಿ, ವಿಶ್ವವಿದ್ಯಾಲಯ, ವರ್ಷ ಸಿಗುತ್ತವೆ. ಹೆಸರು ಹಾಕಿ ಹುಡುಕಬೇಡಿ. ಇನಿಷಿಯಲ್ ಹಿಂದೆ ಮುಂದೆ ಆಗಿರುತ್ತದೆ, ಮದುವೆಯ ನಂತರ ಹೆಸರು ಬದಲಾಗಿರುತ್ತದೆ, ಮಂಜುನಾಥ ಎಂಬ ಹೆಸರಿಗೆ ಪುಟಗಟ್ಟಲೆ ಬರುತ್ತದೆ. ಸಂಖ್ಯೆ ಹಾಕಿದರೂ ಸಿಗದಿದ್ದರೆ ತಕ್ಷಣ ನಕಲಿ ಎಂದುಕೊಳ್ಳುವುದೂ ಬೇಡ. ಅವರು ಬೇರೆ ರಾಜ್ಯದ ಪರಿಷತ್ತಿನಲ್ಲಿ ನೋಂದಾಯಿಸಿರಬಹುದು, ಕೇಳಿ ತಿಳಿದುಕೊಳ್ಳಿ. ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪದವಿಗಳ ಬಗ್ಗೆ ಒಂದೆರಡು ಮಾತು. ಆರ್‌ಎಂಪಿ ಎಂಬುದು ಪದವಿಯಲ್ಲ, ನೋಂದಾಯಿತ ವೈದ್ಯ ಎಂಬುದರ ಇಂಗ್ಲಿಷ್ ಹ್ರಸ್ವರೂಪ ಅಷ್ಟೇ. ಕೆಲವು ವಿದೇಶಗಳಲ್ಲಿ ಮೊದಲ ವೈದ್ಯ ಪದವಿಯನ್ನೇ ಎಂಡಿ ಎನ್ನುತ್ತಾರೆ. ಅದನ್ನು ಪಡೆದು ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾದವರು ಪೂರ್ಣ ಅರ್ಹ ವೈದ್ಯರೇ, ಆದರೆ ಅದು ಇಲ್ಲಿನ ಎಂಬಿಬಿಎಸ್‌ಗೆ ಸಮ, ತಜ್ಞ ಪದವಿಯಲ್ಲ. ಎಂಡಿ ಎಂದಿದ್ದರೆ ಯಾವ ವಿಷಯದಲ್ಲಿ ಎಂಬುದು ಪಕ್ಕದಲ್ಲಿರಬೇಕು. ಡಿಎನ್‌ಬಿ ಕೂಡ ತಜ್ಞ ಪದವಿಯೇ. ಫೆಲೋಶಿಪ್, ಸರ್ಟಿಫಿಕೇಟ್ ಕೋರ್ಸುಗಳ ಸಾಲು ಎಷ್ಟೇ ಉದ್ದವಿದ್ದರೂ ಅದು ತಜ್ಞತೆಗೆ ಸಮವಲ್ಲ. ಇಷ್ಟಾಗಿಯೂ, ಮನೆ ಹತ್ತಿರದ ಕ್ಲಿನಿಕ್ಕಿಗೆ ಬೇಕಿರುವುದು ಒಬ್ಬ ಗಮನವುಳ್ಳ ಎಂಬಿಬಿಎಸ್ ಡಾಕ್ಟರು. ಬೋರ್ಡು ತುಂಬ ಅಕ್ಷರವಿರುವವರು ಅವರಿಗಿಂತ ಮೇಲೆಂದು ನಂಬಲು ಕಾರಣವಿಲ್ಲ.

ಕಾಯುವ ಜಾಗದಲ್ಲಿ

ಇಲ್ಲಿ ಹೆಚ್ಚು ಹೊತ್ತು ತಲೆಕೆಡಿಸಿಕೊಳ್ಳುವುದು ಬೇಡ. ಎ.ಸಿ., ಸೋಫಾ, ಮೀನಿನ ತೊಟ್ಟಿ ಯಾವುದೂ ಲೆಕ್ಕಕ್ಕಿಲ್ಲ. ನೋಡಬೇಕಾದ್ದು ಎರಡೇ. ಕಿಟಕಿ ತೆರೆದಿದೆಯೇ, ವಾರಗಟ್ಟಲೆ ಕೆಮ್ಮುತ್ತಿರುವವರಿಗೆ ಮಾಸ್ಕ್ ಕೊಟ್ಟು ಬೇರೆ ಕೂರಿಸುತ್ತಾರೆಯೇ ಎಂಬುದು ಒಂದು. ಕ್ಷಯ ಹರಡುವುದು ಗಾಳಿಯಾಡದ ಇಂಥ ಕೋಣೆಗಳಲ್ಲೇ. ಏದುಸಿರು ಬಿಡುತ್ತಿರುವವರೋ ಎದೆನೋವಿನವರೋ ಬಂದರೆ ರಿಸೆಪ್ಶನ್‌ನಲ್ಲಿ ಕೂತವರು ಟೋಕನ್ ಮುರಿದು ಒಳಗೆ ಕಳಿಸುತ್ತಾರೆಯೇ ಎಂಬುದು ಇನ್ನೊಂದು. "ನಿಮ್ಮದು 34, ಕೂತ್ಕೊಳ್ಳಿ" ಎನ್ನುವ ಕಡೆ ಒಳಗಿರುವವರು ಎಷ್ಟೇ ಒಳ್ಳೆಯವರಾದರೂ ಅಪಾಯ ಬಾಗಿಲ ಹೊರಗೇ ನಡೆದುಹೋಗುತ್ತದೆ.

ಜನ ಸೇರಿದ್ದಾರೆ ಎಂಬುದು ಗುಣಮಟ್ಟದ ಗುರುತಲ್ಲ. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವೈದ್ಯರು ಒಬ್ಬ ರೋಗಿಯೊಡನೆ ಕಳೆಯುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಭಾರತದಲ್ಲಿ ಸುಮಾರು 2 ನಿಮಿಷವಿತ್ತು. ನಮ್ಮ ಊರಿನ ಸಂಜೆ ಕ್ಲಿನಿಕ್ಕಿನಲ್ಲಿ ಇಪ್ಪತ್ತು ನಿಮಿಷ ಕೇಳುವುದು ನ್ಯಾಯವಲ್ಲ. ಆದ್ದರಿಂದ ನಿಮಿಷ ಎಣಿಸಬೇಡಿ, ಆ ನಿಮಿಷಗಳಲ್ಲಿ ಏನಾಯಿತು ಎಂಬುದನ್ನು ಎಣಿಸಿ.

ಕೇಳುವುದು, ಮುಟ್ಟುವುದು

ಜ್ವರವೆಂದು ಹೋದಿರಿ ಅನ್ನಿ. "ಇವತ್ತಿಗೆ ಎಷ್ಟನೇ ದಿನ?" ಎಂಬುದು ಮೊದಲ ಪ್ರಶ್ನೆಯಾಗಿರಬೇಕು. ಯಾವ ಟೆಸ್ಟ್ ಮಾಡಿಸಬೇಕು, ಮಾಡಿಸಬೇಕೇ ಬೇಡವೇ, ಎಲ್ಲವೂ ನಿಂತಿರುವುದು ಆ ಎಣಿಕೆಯ ಮೇಲೆ. ಆಮೇಲೆ ವಾಂತಿ, ಹೊಟ್ಟೆನೋವು, ಮೂತ್ರ ಸರಿಯಾಗಿ ಹೋಗುತ್ತಿದೆಯೇ, ಮೈಮೇಲೆ ಕೆಂಪು ಗಂಧೆ ಇದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿದೆಯೇ. ಔಷಧ ಬರೆಯುವ ಮುನ್ನ ಕೇಳಲೇಬೇಕಾದವು ಮೂರು: ಯಾವುದಾದರೂ ಔಷಧ ಅಲರ್ಜಿಯೇ, ಈಗಾಗಲೇ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ, ಹೆಣ್ಣುಮಕ್ಕಳಾದರೆ ಮುಟ್ಟು ತಪ್ಪಿದೆಯೇ ಅಥವಾ ಮಗುವಿಗೆ ಹಾಲುಣಿಸುತ್ತಿದ್ದೀರಾ. ಈ ಮೂರನ್ನು ಕೇಳದೆ ಪೆನ್ನು ಹಿಡಿದವರನ್ನು ನಂಬಬೇಡಿ. ಇದರಲ್ಲಿ ನಾವು ರಿಯಾಯಿತಿ ತೋರಿಸುವುದಿಲ್ಲ.

ಪರೀಕ್ಷೆ ಎಂದರೆ ಥರ್ಮಾಮೀಟರು, ನಾಡಿ, ದೊಡ್ಡವರಿಗೆ ಬಿಪಿ, ಟಾರ್ಚು ಹಾಕಿ ಗಂಟಲು, ಮಂಚದ ಮೇಲೆ ಮಲಗಿಸಿ ಹೊಟ್ಟೆ. ಸ್ಟೆತಾಸ್ಕೋಪು ಎಲ್ಲಿ ಇಟ್ಟರು ನೋಡಿ. ಶರ್ಟಿನ ಮೇಲೆ ಎದೆಗೆ ಎರಡು ಸಲ ಒತ್ತಿ ತೆಗೆದರೆ ಕೇಳಿಸುವುದು ಬಟ್ಟೆಯ ಸದ್ದು. ಕೆಮ್ಮಿಗೆ ಹೋದವರ ಬೆನ್ನಿನ ಮೇಲೆ, ಬಟ್ಟೆ ಸರಿಸಿ, "ಉಸಿರೆಳೀರಿ, ಬಿಡಿ" ಎನ್ನುತ್ತಾ ಎರಡೂ ಬದಿಗಳಲ್ಲಿ ಮೇಲಿನಿಂದ ಕೆಳಗೆ ಕೇಳಬೇಕು. ನ್ಯುಮೋನಿಯಾ ಬಹಳಷ್ಟು ಸಲ ಸಿಕ್ಕಿಬೀಳುವುದು ಬೆನ್ನಿನ ಕೆಳಭಾಗದಲ್ಲಿ.

ಬಿಪಿ ನೋಡುವ ರೀತಿಯೊಂದರಿಂದಲೇ ಒಂದು ಕ್ಲಿನಿಕ್ಕಿನ ಅರ್ಧ ಗುಣ ತಿಳಿಯುತ್ತದೆ. ಸರಿಯಾದ ಕ್ರಮ ಹೀಗಿದೆ. ಅರ್ಧ ಗಂಟೆಯೊಳಗೆ ಕಾಫಿ, ಬೀಡಿ, ಸಿಗರೇಟು ಆಗಿರಬಾರದು. ಮೂತ್ರ ಕಟ್ಟಿಕೊಂಡಿರಬಾರದು. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಕಾಲಮೇಲೆ ಕಾಲು ಹಾಕದೆ 5 ನಿಮಿಷ ಸುಮ್ಮನೆ ಕೂತಿರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಪಟ್ಟಿಯನ್ನು ತೋಳಿಗೇ ಸುತ್ತಬೇಕು, ಸ್ವೆಟರಿನ ಮೇಲಲ್ಲ. ಅಳೆಯುವಾಗ ಇಬ್ಬರೂ ಮಾತಾಡಬಾರದು. ಒಂದು ನಿಮಿಷ ಬಿಟ್ಟು ಎರಡನೆಯ ಸಲ ಅಳೆದು ಎರಡನ್ನೂ ಬರೆಯಬೇಕು. ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿ ಬಂದ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕೈ ಜೋತುಬಿಟ್ಟು, "ಮಗ ಎಲ್ಲಿದಾನೆ ಅಜ್ಜಿ?" ಎಂದು ಕೇಳುತ್ತಾ ಅಳೆದರೆ ಬರುವ ಸಂಖ್ಯೆ ಸುಳ್ಳು. ಜೋತುಬಿದ್ದ ಕೈ, ಮಾತು, ದಪ್ಪ ತೋಳಿಗೆ ಸಣ್ಣ ಪಟ್ಟಿ, ಇವು ಒಂದೊಂದೂ ಬಿಪಿಯನ್ನು 5ರಿಂದ 10 ಅಂಕ ಏರಿಸಬಲ್ಲವು. ಹೀಗೆ ಒಂದೇ ಸಲ 150 ಬಂತೆಂದು ಜೀವನಪೂರ್ತಿ ಮಾತ್ರೆ ಹಚ್ಚಿಸಿಕೊಂಡವರಿದ್ದಾರೆ. ಮೊದಲ ಸಲ ಹೆಚ್ಚು ಬಂದರೆ, ಅದು ತೀರಾ ಜಾಸ್ತಿ ಇಲ್ಲದಿದ್ದಲ್ಲಿ, ಒಳ್ಳೆಯ ಡಾಕ್ಟರು ಇನ್ನೊಂದು ದಿನ ಬರಹೇಳುತ್ತಾರೆ ಅಥವಾ ಮನೆಯಲ್ಲಿ ವಾರವಿಡೀ ಅಳೆದು ಬರೆದು ತರಲು ಹೇಳುತ್ತಾರೆ. ಕ್ಲಿನಿಕ್ಕಿನಲ್ಲಿ ದೊಡ್ಡ ಪಟ್ಟಿ ಇದೆಯೇ ಎಂದೂ ಒಮ್ಮೆ ಕೇಳಿ.

ಮಕ್ಕಳ ವಿಷಯದಲ್ಲಿ ತೂಕದ ಯಂತ್ರವೇ ಮೊದಲ ಸಾಕ್ಷಿ. ಮಗುವಿಗೆ ಔಷಧದ ಪ್ರಮಾಣ ವಯಸ್ಸಿನ ಮೇಲೆ ಹೋಗುವುದಿಲ್ಲ, ತೂಕದ ಮೇಲೆ ಹೋಗುತ್ತದೆ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ಮಗುವಿಗೆ 150 ಮಿಲಿಗ್ರಾಂ ಎಂದುಕೊಳ್ಳಿ. ಅಂಗಡಿಯಲ್ಲಿ ಸಿಗುವ ಸಿರಪ್ಪು 5 ಮಿ.ಲೀ.ಗೆ 125 ಮಿಲಿಗ್ರಾಂ ಇದ್ದರೆ 6 ಮಿ.ಲೀ., 250 ಇದ್ದರೆ 3 ಮಿ.ಲೀ., ಹಸುಗೂಸುಗಳ ಡ್ರಾಪ್ಸ್ ಒಂದು ಮಿ.ಲೀ.ಗೇ 100 ಮಿಲಿಗ್ರಾಂ ಇರುವುದರಿಂದ ಬರೀ 1.5 ಮಿ.ಲೀ. ಚೀಟಿಯಲ್ಲಿ "ಸಿರಪ್, ಒಂದು ಚಮಚ" ಎಂದಷ್ಟೇ ಇದ್ದು, ಅಂಗಡಿಯವರು ಬೇರೆ ಶಕ್ತಿಯ ಬಾಟಲಿ ಕೊಟ್ಟರೆ ಪ್ರಮಾಣ ಅರ್ಧವಾಗುತ್ತದೆ ಅಥವಾ ಎರಡರಷ್ಟಾಗುತ್ತದೆ. ಮಕ್ಕಳ ಯಕೃತ್ತಿಗೆ ಪೆಟ್ಟು ಬೀಳುವ ದಾರಿಗಳಲ್ಲಿ ಇದೂ ಒಂದು. ಆದ್ದರಿಂದ ಮಗುವಿನ ಚೀಟಿಯಲ್ಲಿ ತೂಕ, ಸಿರಪ್ಪಿನ ಶಕ್ತಿ, ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ, ನಾಲ್ಕೂ ಇರಬೇಕು. ಕೆಮ್ಮಿನ ಮಗುವಾದರೆ ಇನ್ನೊಂದು: ಅಂಗಿ ಎತ್ತಿ, ಮಗು ಅಳದೆ ಇರುವಾಗ, ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆಯೇ? 2ರಿಂದ 12 ತಿಂಗಳ ಮಗುವಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರಿಗೆ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾ ಇರಬಹುದೆಂದು ನೋಡಬೇಕು. ಇದಕ್ಕೆ ಖರ್ಚು ಸೊನ್ನೆ; ಬೇಕಾದದ್ದು ಗಡಿಯಾರ ಮತ್ತು ತಾಳ್ಮೆ.

ಚೀಟಿಯನ್ನು ಓದಿ

ಕೋಣೆಯೊಳಗೆ ಆದದ್ದು ಮರೆತುಹೋಗಬಹುದು, ಚೀಟಿ ಉಳಿಯುತ್ತದೆ. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಗಳ ಪ್ರಕಾರ ಔಷಧವನ್ನು ಅದರ ಮೂಲ ಹೆಸರಿನಲ್ಲಿ, ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಬ್ರ್ಯಾಂಡಿನ ಹೆಸರು ಜೊತೆಯಲ್ಲಿದ್ದರೆ ಇರಲಿ. ಮೂಲ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲೂ ಅದೇ ಔಷಧ ಕೊಳ್ಳಬಹುದು. ಇಬ್ಬರು ಡಾಕ್ಟರು ಬೇರೆ ಬೇರೆ ಹೆಸರಲ್ಲಿ ಒಂದೇ ಮಾತ್ರೆ ಬರೆದಿದ್ದರೂ ಗೊತ್ತಾಗುತ್ತದೆ. ಹೀಗೆ ಗೊತ್ತಾಗದೆ ನೆಗಡಿಯ ಮಾತ್ರೆಯಲ್ಲಿ ಒಂದು ಪ್ಯಾರಾಸಿಟಮಾಲ್, ನೋವಿನ ಮಾತ್ರೆಯಲ್ಲಿ ಇನ್ನೊಂದು, ಜ್ವರಕ್ಕೆಂದು ಮತ್ತೊಂದು ನುಂಗುವವರು ಎಷ್ಟೋ ಜನ.

ಔಷಧದ ಪಟ್ಟಿಗಿಂತ ಮೇಲೆ ಇರಬೇಕಾದವು ದಿನಾಂಕ, ವಯಸ್ಸು, ಕಂಡುಬಂದ ವಿವರ, ಮತ್ತು ಕಾಯಿಲೆ ಏನಿರಬಹುದೆಂಬ ಅಂದಾಜು. "ವೈರಲ್ ಜ್ವರ, 2ನೇ ದಿನ" ಎಂದು ಬರೆದರೂ ಸಾಕು. ಏನೂ ಬರೆಯದೆ ಐದು ಔಷಧ ಬರೆದ ಚೀಟಿ ಮುಂದಿನ ಡಾಕ್ಟರಿಗೆ ಏನನ್ನೂ ಹೇಳುವುದಿಲ್ಲ. ಪ್ರತಿ ಔಷಧದ ಎದುರು ಶಕ್ತಿ, 1-0-1 ಎಂಬಂಥ ಗುರುತು, ಊಟಕ್ಕೆ ಮುಂಚೆಯೋ ನಂತರವೋ, ಎಷ್ಟು ದಿನ ಎಂಬುದಿರಬೇಕು. ಕೊನೆಯಲ್ಲಿ ಮತ್ತೆ ಯಾವಾಗ ಬರಬೇಕು, ಏನಾದರೆ ಕಾಯದೆ ಬರಬೇಕು. ಈ ಕೊನೆಯ ಸಾಲು ಬಹಳ ಕಡಿಮೆ ಚೀಟಿಗಳಲ್ಲಿ ಕಾಣುತ್ತದೆ. ಅದು ಇದ್ದರೆ ಆ ಡಾಕ್ಟರನ್ನು ಬಿಡಬೇಡಿ.

ಈಗ ಆ್ಯಂಟಿಬಯಾಟಿಕ್. ನೆಗಡಿ, ಮೂಗು ಸೋರುವುದು, ಸಾದಾ ಗಂಟಲು ನೋವು, ವೈರಲ್ ಜ್ವರ ಇವಕ್ಕೆ ಅದು ಕೆಲಸ ಮಾಡುವುದಿಲ್ಲ. ಕಫ ಹಳದಿಯಾಯಿತು ಎಂಬುದೊಂದೇ ಕಾರಣ ಸಾಲದು; ವೈರಸ್ ನೆಗಡಿಯಲ್ಲೂ ಮೂರನೇ ನಾಲ್ಕನೇ ದಿನ ಹಳದಿಯಾಗುತ್ತದೆ. ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಚೀಟಿಯಿಲ್ಲದೆ ಕೊಳ್ಳಬಾರದ ಔಷಧ ಎಂದರ್ಥ. ಸೆಫಿಕ್ಸಿಮ್‌ನಂಥ ಔಷಧಗಳು 2014ರಿಂದ ಎಚ್1 ಪಟ್ಟಿಯಲ್ಲಿವೆ. ಅವನ್ನು ಮಾರುವಾಗ ಅಂಗಡಿಯವರು ರಿಜಿಸ್ಟರಿನಲ್ಲಿ ರೋಗಿಯ ಮತ್ತು ಡಾಕ್ಟರ ಹೆಸರು ಬರೆದು ಮೂರು ವರ್ಷ ಇಟ್ಟುಕೊಂಡಿರಬೇಕು. ಕ್ಲಿನಿಕ್ಕಿನ ಕೆಳಗಿನ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಎರಡೇ ಎರಡು ಅಜಿತ್ರೋಮೈಸಿನ್ ಕತ್ತರಿಸಿ ಕೊಡುತ್ತಾರೆಂದರೆ ಅದು ಮೇಲಿನವರ ಬಗ್ಗೆಯೂ ಅಷ್ಟಿಷ್ಟು ಹೇಳುತ್ತದೆ. ಡಾಕ್ಟರನ್ನು ಹೀಗೆ ಕೇಳಿ: "ಡಾಕ್ಟ್ರೇ, ಇದರಲ್ಲಿ ಆ್ಯಂಟಿಬಯಾಟಿಕ್ ಇದೆಯಾ? ಯಾಕೆ ಬೇಕು? ಎರಡು ದಿನ ಕಾದು ನೋಡಬಹುದಾ?" ಕಾರಣ ಹೇಳಿದರೆ ನಂಬಿ, ಕೊಟ್ಟಷ್ಟು ದಿನ ಪೂರ್ತಿ ತೆಗೆದುಕೊಳ್ಳಿ. "ಸುಮ್ನೆ ತಗೊಳ್ಳಿ, ಕವರ್‌ಗೆ" ಎಂದರೆ ಅದು ಉತ್ತರವಲ್ಲ.

ಇಲ್ಲಿ ತಪ್ಪು ಡಾಕ್ಟರದಷ್ಟೇ ಅಲ್ಲ. ಇಂಜೆಕ್ಷನ್ ಕೊಡದಿದ್ದರೆ "ಬರೀ ಮಾತ್ರೆ ಕೊಟ್ಟು ಕಳಿಸಿದ್ರು" ಎಂದು ಬೇರೆ ಕಡೆ ಹೋಗುವವರು ನಾವೇ. ಸುಸ್ತೆಂದು ಗ್ಲೂಕೋಸ್ ಹಾಕಿಸಿಕೊಳ್ಳುವುದನ್ನೇ ತೆಗೆದುಕೊಳ್ಳಿ. ಅರ್ಧ ಲೀಟರಿನ 5 ಶೇಕಡಾ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ಅಂದರೆ ಐದಾರು ಟೀ ಚಮಚ. ಬಾಯಲ್ಲಿ ಕುಡಿಯಲು ಆಗುವವರಿಗೆ ಓಆರ್‌ಎಸ್, ಗಂಜಿ, ಮಜ್ಜಿಗೆ ಅದಕ್ಕಿಂತ ಮೇಲು. ಡ್ರಿಪ್ಸ್ ಬೇಕಾದದ್ದು ವಾಂತಿ ನಿಲ್ಲದವರಿಗೆ, ಬಿಪಿ ಕುಸಿದವರಿಗೆ, ಅವರ ಜಾಗ ಆಸ್ಪತ್ರೆ.

ಇಂಜೆಕ್ಷನ್ ಬೇಕೇಬೇಕೆಂದಾಗ ಹೆಸರು ಕೇಳಿ, ಚೀಟಿಯಲ್ಲಿ ಬರೆಸಿ. ಹೊಸ ಸಿರಿಂಜನ್ನು ನಿಮ್ಮೆದುರೇ ಒಡೆಯಬೇಕು. ಚುಚ್ಚಿದ ಮೇಲೆ ಸೂಜಿಗೆ ಮತ್ತೆ ಮುಚ್ಚಳ ಹಾಕದೆ ಅಲ್ಲೇ ಕತ್ತರಿಸಿ ತೂತಾಗದ ಬಿಳಿ ಡಬ್ಬಿಗೆ ಹಾಕಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ಸೂಜಿಗೆ ಬಿಳಿ, ಸಿರಿಂಜು ಮತ್ತಿತರ ಪ್ಲಾಸ್ಟಿಕ್‌ಗೆ ಕೆಂಪು, ರಕ್ತದ ಹತ್ತಿಗೆ ಹಳದಿ, ಗಾಜಿಗೆ ನೀಲಿ. ಎಲ್ಲವೂ ಮೇಜಿನ ಕೆಳಗಿನ ಒಂದೇ ಬುಟ್ಟಿಗೆ ಬೀಳುತ್ತಿದ್ದರೆ ಮರುದಿನ ಬೆಳಗ್ಗೆ ಆ ಸೂಜಿ ಚುಚ್ಚುವುದು ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ. ಇನ್ನು, ಹೆಸರಿಲ್ಲದ ಬಿಡಿ ಮಾತ್ರೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ "ಬೆಳಗ್ಗೆ ಒಂದು, ರಾತ್ರಿ ಒಂದು" ಎಂದು ಕೊಡುವ ಕಡೆಗೆ ಹೋಗಲೇಬೇಡಿ. ಮೈಮೇಲೆ ಗಂಧೆ ಎದ್ದು ರಾತ್ರಿ ಆಸ್ಪತ್ರೆಗೆ ಓಡಿದಾಗ ಏನು ನುಂಗಿದಿರೆಂದು ಹೇಳಲು ನಿಮ್ಮಲ್ಲಿ ಏನೂ ಇರುವುದಿಲ್ಲ.

ಟೆಸ್ಟುಗಳು: ಯಾವ ದಿನ, ಯಾಕೆ

ಮಳೆಗಾಲದ ಬೆಂಗಳೂರಿನಲ್ಲಿ ಜ್ವರವೆಂದರೆ ಡೆಂಗಿಯ ಭಯ. ಎನ್‌ಎಸ್1 ಎಂಬ, ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಪರೀಕ್ಷೆ ಕೆಲಸಕ್ಕೆ ಬರುವುದು ಮೊದಲ ಐದು ದಿನ. ದೇಹ ತಯಾರಿಸುವ ಪ್ರತಿಕಾಯವಾದ ಐಜಿಎಂ ಬರುವುದು ಐದು ದಿನ ಕಳೆದ ಮೇಲೆ. ಎರಡನೇ ದಿನ ಐಜಿಎಂ ಮಾಡಿಸಿ "ಡೆಂಗಿ ಇಲ್ಲ" ಎಂದು ಕಳಿಸಿದರೆ ಅದು ತಪ್ಪು ಧೈರ್ಯ. 2024ರಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ಎನ್‌ಎಸ್1 ಎಲೈಸಾಗೆ 300 ರೂಪಾಯಿ, ಐಜಿಎಂಗೆ 300, ಕಾರ್ಡ್ ಪರೀಕ್ಷೆಗೆ 250 ಎಂದು ದರ ಗೊತ್ತುಮಾಡಿತು. ರಸೀದಿಯೊಡನೆ ಹೋಲಿಸಿ ನೋಡಿ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ಹಿಡಿದು ಹೆದರಿಸುವವರಿಗಿಂತ, ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನ ರಕ್ತ, ವಿಪರೀತ ಮಂಕು ಇದೆಯೇ ಎಂದು ಕೇಳಿ, "ಜ್ವರ ಬಿಟ್ಟರೂ ನಾಡಿದ್ದು ಬನ್ನಿ" ಎನ್ನುವವರು ಕಾಯಿಲೆಯನ್ನು ಬಲ್ಲವರು. ಡೆಂಗಿ ಸಂಶಯವಿರುವಾಗ ಐಬುಪ್ರೊಫೇನ್, ಡೈಕ್ಲೊಫೆನ್ಯಾಕ್, ಆಸ್ಪಿರಿನ್ ಬರೆದರೆ ಅದು ದೊಡ್ಡ ತಪ್ಪು, ರಕ್ತಸ್ರಾವಕ್ಕೆ ದಾರಿ.

ವಿಡಾಲ್ ಇನ್ನೊಂದು ಪರೀಕ್ಷೆ. ಜ್ವರದ ಎರಡನೇ ದಿನ ವಿಡಾಲ್ ಮಾಡಿಸಿ ಟೈಫಾಯ್ಡ್ ಎಂದು ತೀರ್ಮಾನಿಸಿ ಹತ್ತು ದಿನ ಇಂಜೆಕ್ಷನ್ ಹಚ್ಚುವುದು ನಮ್ಮಲ್ಲಿ ಇನ್ನೂ ನಡೆಯುತ್ತಿದೆ. ಮೊದಲ ವಾರದಲ್ಲಿ ವಿಡಾಲ್ ನಂಬಲಾಗದ್ದು, ಹಿಂದೆ ಯಾವಾಗಲೋ ಬಂದ ಸೋಂಕು ಅಥವಾ ಲಸಿಕೆಯಿಂದಲೂ ಪಾಸಿಟಿವ್ ಬರುತ್ತದೆ. ಟೈಫಾಯ್ಡ್ ಸಂಶಯವಿದ್ದರೆ ಆ್ಯಂಟಿಬಯಾಟಿಕ್ ಶುರುಮಾಡುವ ಮುನ್ನ ಬ್ಲಡ್ ಕಲ್ಚರಿಗೆ ಕಳಿಸಬೇಕು.

ಲ್ಯಾಬನ್ನು ಆರಿಸುವ ಹಕ್ಕು ನಿಮ್ಮದು. "ಇಲ್ಲೇ ಮಾಡಿಸಬೇಕು, ಬೇರೆ ರಿಪೋರ್ಟ್ ನೋಡಲ್ಲ" ಎನ್ನುವ ಕಡೆ ಕಮಿಷನ್ ಇದೆಯೇ ಎಂಬ ಅನುಮಾನ ಸಹಜ. ರೋಗಿಯನ್ನು ಕಳಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು 2002ರ ನಿಯಮಗಳು ನಿಷೇಧಿಸಿವೆ.

ಬಿಪಿ, ಶುಗರ್ ಇರುವವರು ವರ್ಷದ ಲೆಕ್ಕ ಹಾಕಿ

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಒಂದು ಭೇಟಿಯಿಂದ ಏನೂ ತಿಳಿಯದು, ಹಿಂದಿನ ಹನ್ನೆರಡು ತಿಂಗಳ ಚೀಟಿಗಳನ್ನು ಮೇಜಿನ ಮೇಲೆ ಹರಡಿ. ಎಚ್‌ಬಿಎ1ಸಿ ಎಂಬ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ ವರ್ಷಕ್ಕೆ ಕನಿಷ್ಠ ಎರಡು ಸಲ, ಹತೋಟಿಯಲ್ಲಿಲ್ಲದಿದ್ದರೆ ಮೂರು ತಿಂಗಳಿಗೊಮ್ಮೆ ಆಗಿದೆಯೇ? ವರ್ಷಕ್ಕೊಮ್ಮೆ ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್, ಕೊಲೆಸ್ಟರಾಲ್? ಕಣ್ಣಿಗೆ ಹನಿ ಹಾಕಿ ಹಿಂಪರದೆ ನೋಡಿಸಲು ಮಿಂಟೋಗೋ ಇನ್ನಾವುದೋ ಕಣ್ಣಾಸ್ಪತ್ರೆಗೋ ಕಳಿಸಿದ್ದಾರೆಯೇ? ಚಪ್ಪಲಿ ಬಿಚ್ಚಿಸಿ ಪಾದ ನೋಡಿದ್ದಾರೆಯೇ, ಸಣ್ಣ ನೈಲಾನ್ ಎಳೆ ತಾಗಿಸಿ ಸ್ಪರ್ಶ ಪರೀಕ್ಷಿಸಿದ್ದಾರೆಯೇ? ನಮ್ಮ ಲೆಕ್ಕದಲ್ಲಿ ಚಪ್ಪಲಿ ಬಿಚ್ಚಿಸುವ ಡಾಕ್ಟರು ಸಿಕ್ಕರೆ ಹುಡುಕಾಟ ಅಲ್ಲಿಗೇ ನಿಲ್ಲಿಸಬಹುದು. ತಿಂಗಳಿಗೊಮ್ಮೆ ಬೆರಳು ಚುಚ್ಚಿ, ಸಂಖ್ಯೆ ನೋಡಿ, "ಅದೇ ಮಾತ್ರೆ ಮುಂದುವರಿಸಿ" ಎನ್ನುವುದು ಸಕ್ಕರೆ ಕಾಯಿಲೆಯ ಆರೈಕೆಯಲ್ಲ. ಕಾಲು, ಕಿಡ್ನಿ, ಕಣ್ಣು ಹೋಗುವುದು ಈ ಸದ್ದಿಲ್ಲದ ವರ್ಷಗಳಲ್ಲಿ.

ಲಸಿಕೆ, ನಾಯಿ ಕಡಿತ, ಎದೆನೋವು

ಲಸಿಕೆ ಹಾಕುವ ಕ್ಲಿನಿಕ್ಕಾದರೆ ಫ್ರಿಜ್ಜು ನೋಡಿಸಲು ಕೇಳಿ. ಒಳಗೆ 2ರಿಂದ 8 ಡಿಗ್ರಿ ಇರಬೇಕು, ಥರ್ಮಾಮೀಟರು ಇರಬೇಕು, ದಿನಕ್ಕೆರಡು ಸಲ ಬರೆದ ಹಾಳೆ ಇರಬೇಕು. ಬಾಗಿಲಿನ ತಟ್ಟೆಯಲ್ಲಿ ಲಸಿಕೆ, ಪಕ್ಕದಲ್ಲಿ ಸಿಬ್ಬಂದಿಯ ಊಟದ ಡಬ್ಬಿ ಇದ್ದರೆ ಆ ಫ್ರಿಜ್ಜು ದಿನಕ್ಕೆ ಎಷ್ಟು ಸಲ ತೆರೆಯುತ್ತದೆಂದು ಊಹಿಸಿ. ಕರೆಂಟು ಹೋದಾಗ ಏನು ಮಾಡುತ್ತೀರೆಂದು ಕೇಳಿ, ಉತ್ತರ ತಡವರಿಸದೆ ಬರಬೇಕು.

ಬೀದಿನಾಯಿ ಕಚ್ಚಿದಾಗ ಮೊದಲ ಕೆಲಸ ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ಗಾಯ ತೊಳೆಯುವುದು. ಅದನ್ನು ಬಿಟ್ಟು ನೇರ ಟಿಟಿ ಚುಚ್ಚಿ ಹೊಲಿಗೆ ಹಾಕಲು ಹೊರಟರೆ ಅಲ್ಲಿಂದ ಎದ್ದುಬನ್ನಿ. ರೇಬೀಸ್ ಲಸಿಕೆ ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಗೆ, ಪೃಷ್ಠಕ್ಕೆ ಹಾಕುವಂತಿಲ್ಲ. ಸ್ನಾಯುವಿಗೆ ಹಾಕಿದರೆ 0, 3, 7, 14, 28ನೆಯ ದಿನ. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಔಷಧ) ಗಾಯದ ಸುತ್ತಲೇ ಕೊಡಬೇಕು, ತಮ್ಮಲ್ಲಿ ಇಲ್ಲದಿದ್ದರೆ ಎಲ್ಲಿದೆ ಎಂದು ಬರೆದು ಕಳಿಸಬೇಕು.

ತನ್ನ ಮಿತಿ ಬಲ್ಲ ಕ್ಲಿನಿಕ್ಕು ಒಳ್ಳೆಯ ಕ್ಲಿನಿಕ್ಕು. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಯಂತ್ರವಿಲ್ಲದಿದ್ದರೆ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕೂರಿಸುವುದಲ್ಲ, 108ಕ್ಕೆ ಕರೆಮಾಡಿ ಜಯದೇವಕ್ಕೋ ಹತ್ತಿರದ ಹೃದಯ ಆಸ್ಪತ್ರೆಗೋ ಕಳಿಸಬೇಕು. ಕೈಯಲ್ಲಿ ಪತ್ರವಿರಬೇಕು: ಎಷ್ಟು ಗಂಟೆಗೆ ನೋವು ಶುರುವಾಯಿತು, ಬಿಪಿ ಎಷ್ಟಿತ್ತು, ಏನು ಕೊಟ್ಟಿದ್ದೇವೆ.

ನಮ್ಮ ಕ್ಲಿನಿಕ್‌ಗೂ ಇದೇ ಅಳತೆ

ಬೆಂಗಳೂರಿನ ವಾರ್ಡುಗಳಲ್ಲಿ 2022-23ರಿಂದ ಶುರುವಾದ ಸರ್ಕಾರದ ನಮ್ಮ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಬೆಳಗ್ಗೆ 9ರಿಂದ ಸಂಜೆ 4.30ರವರೆಗೆ ತಪಾಸಣೆ, ಕೆಲವು ರಕ್ತ ಪರೀಕ್ಷೆ, ಔಷಧ ಎಲ್ಲ ಉಚಿತ. ಉಚಿತವೆಂದು ಮೂಗು ಮುರಿಯುವವರಿಗೆ ಒಂದು ಮಾತು: ಅಲ್ಲಿ ಇಂಜೆಕ್ಷನ್ ಹೆಚ್ಚು ಚುಚ್ಚಿದರೆ ಯಾರಿಗೂ ಲಾಭವಿಲ್ಲ. ಬಿಪಿ, ಶುಗರ್ ಮಾತ್ರೆಗೆ ತಿಂಗಳು ತಿಂಗಳು ಸಾವಿರ ಕಳೆಯುವ ಮನೆಯವರು ಒಮ್ಮೆ ಹೋಗಿ ನೋಡಬೇಕು. ಅಲ್ಲಿ ಕೇಳಬೇಕಾದ್ದು, ಡಾಕ್ಟರು ಇವರೇ ಇರುತ್ತಾರೆಯೇ, ನಿಮ್ಮ ಮಾತ್ರೆ ಪ್ರತಿ ತಿಂಗಳು ದಾಸ್ತಾನಿರುತ್ತದೆಯೇ, ಹಿಂದಿನ ಭೇಟಿಯ ದಾಖಲೆ ತೆಗೆದು ನೋಡುತ್ತಾರೆಯೇ ಎಂಬುದನ್ನು.

ಮೊಬೈಲಿನಲ್ಲಿ ಜನ ಕೊಟ್ಟ ನಕ್ಷತ್ರಗಳು ಕಾಯಿಸುವಿಕೆ, ಪಾರ್ಕಿಂಗು, ಸಿಬ್ಬಂದಿಯ ಮಾತಿನ ಬಗ್ಗೆ ಸರಿಯಾದ ಸುಳಿವು ಕೊಡುತ್ತವೆ, ಚಿಕಿತ್ಸೆಯ ಬಗ್ಗೆ ಅಲ್ಲ. "ಮೂರು ದಿನ ಬರೀ ಪ್ಯಾರಾಸಿಟಮಾಲ್ ಕೊಟ್ಟರು, ವೇಸ್ಟ್" ಎಂದು ಒಂದೇ ನಕ್ಷತ್ರ ಕೊಟ್ಟವರ ಮಾತು ಆ ಡಾಕ್ಟರ ಪರವಾದ ಸಾಕ್ಷಿಯೂ ಆಗಿರಬಹುದು.

ತಪ್ಪು ಕಂಡರೆ, ಬಿಟ್ಟು ಹೊರಡುವಾಗ

ಮೊದಲು ಡಾಕ್ಟರ ಬಳಿಯೇ ಮಾತಾಡಿ. ಎಷ್ಟೋ ತಪ್ಪುಗಳು ಅಲ್ಲೇ ತಿದ್ದಿಹೋಗುತ್ತವೆ. ನೋಂದಣಿ ಇಲ್ಲದಿರುವುದು, ಪಟ್ಟಿಗಿಂತ ಹೆಚ್ಚು ಶುಲ್ಕ, ಸ್ವಚ್ಛತೆ ಇವಕ್ಕೆ ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರವಿದೆ. 104 ಸಹಾಯವಾಣಿಗೂ ಹೇಳಬಹುದು. ಡಾಕ್ಟರ ವೃತ್ತಿ ನಡತೆಯ ದೂರಿಗೆ ಕರ್ನಾಟಕ ವೈದ್ಯಕೀಯ ಪರಿಷತ್ತು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಷ್ಟವಾಗಿದ್ದರೆ ಗ್ರಾಹಕರ ಆಯೋಗ, ಘಟನೆಯಾದ ಎರಡು ವರ್ಷದೊಳಗೆ. ಎಲ್ಲದಕ್ಕೂ ಬೇಕಾದದ್ದು ಚೀಟಿ, ರಸೀದಿ, ರಿಪೋರ್ಟು. ಹಾಗಾಗಿ ಪ್ರತಿ ಭೇಟಿಯ ರಾತ್ರಿಯೇ ಅವುಗಳ ಫೋಟೊ ತೆಗೆದು, ದಿನಾಂಕ ಹಾಕಿ ಇಟ್ಟುಕೊಳ್ಳಿ. ಉಷ್ಣಕಾಗದದ ರಸೀದಿ ಆರು ತಿಂಗಳಲ್ಲಿ ಮಾಸಿಹೋಗಬಹುದು.

ಡಾಕ್ಟರನ್ನು ಬದಲಾಯಿಸುವುದಾದರೆ ಜಗಳ ಬೇಡ, ನಿಮ್ಮ ದಾಖಲೆಗಳ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಎಲ್ಲವನ್ನೂ ದಿನಾಂಕದ ಸಾಲಿನಲ್ಲಿ ಒಂದು ಫೈಲಿಗೆ ಹಾಕಿ, ಮೇಲಿನ ಹಾಳೆಯಲ್ಲಿ ಈಗ ತೆಗೆದುಕೊಳ್ಳುತ್ತಿರುವ ಔಷಧಗಳನ್ನೂ ಆಗದ ಔಷಧಗಳನ್ನೂ ಬರೆದು ಹೊಸ ಕ್ಲಿನಿಕ್ಕಿಗೆ ಒಯ್ಯಿರಿ. ಹೊಸ ಡಾಕ್ಟರು ಆ ಫೈಲನ್ನು ತೆರೆದು ಓದುತ್ತಾರೋ, ಪಕ್ಕಕ್ಕೆ ಸರಿಸಿ ಎಲ್ಲ ಟೆಸ್ಟನ್ನೂ ಮೊದಲಿನಿಂದ ಬರೆಯುತ್ತಾರೋ, ಮೊದಲ ದಿನವೇ ಗಮನಿಸಿ.